ಹದಿನೇಳನೆಯ ದನಿ

"ಸಹಿ ಹಾಕಿ ಮೇಡಂ. ಹನ್ನೊಂದಕ್ಕೆ ನಂಗೆ ಇನ್ನೊಂದು ಮೀಟಿಂಗ್ ಇದೆ."

ಸೇತುರಾಮ ಕಾಗದವನ್ನು ಮೇಜಿನ ಮೇಲೆ ಇನ್ನೊಂದು ಗೇಣು ಮುಂದಕ್ಕೆ ತಳ್ಳಿದರು. ಮಕ್ಕಳ ತಂಡದ ಕ್ಯಾಪ್ಟನ್ ಸತ್ಯಭಾಮಾ ಅದನ್ನು ಮುಟ್ಟಲಿಲ್ಲ. ಆಕೆಯ ಕೈಯಲ್ಲಿದ್ದ ಫೋನು ಬೆಳಗಿನಿಂದ ಬಿಡುವಿಲ್ಲದೆ ಗುಂಯ್‌ಗುಡುತ್ತಿತ್ತು. ಪೋಷಕರ ವಾಟ್ಸಾಪ್ ಗ್ರೂಪು. ಒಬ್ಬರಿಗೆ ಹೋದ ವಾರ ಮಗ ಬಿಟ್ಟುಹೋದ ನೀಲಿ ಬಾಟಲಿ ಬೇಕು. ಇನ್ನೊಬ್ಬರಿಗೆ ಮಗಳ ಸರ್ಟಿಫಿಕೇಟು ಬುಧವಾರದೊಳಗೆ ಬೇಕು. ಮಗಳು ತಂಡಕ್ಕೆ ಬಂದಿರುವುದು ಎರಡೇ ಭಾನುವಾರ. ಮೂರನೆಯವರದು ಒಂದೇ ಸಾಲು: "ಆ ಲಿಫ್ಟ್‌ನವನನ್ನ ತೆಗೆದ್ರಾ ಇಲ್ವಾ?"

ಲಿಫ್ಟ್‌ನವನು ಅಂದರೆ ಬಸವಂತ. ರಾಣೆಬೆನ್ನೂರಿನವನು. ವಾರಕ್ಕೆ ಆರು ದಿನ ಜೆಪಿ ನಗರದ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ, ಏಳನೆಯ ದಿನ ಜಯನಗರದ ಈ ಪಾರ್ಕಿನಲ್ಲಿ ಇಪ್ಪತ್ತೆಂಟು ಮಕ್ಕಳ ಸ್ಕೌಟ್ಸ್-ಗೈಡ್ಸ್ ತಂಡಕ್ಕೆ ಗಂಟು ಹಾಕುವುದು, ಟೆಂಟು ಎಬ್ಬಿಸುವುದು ಕಲಿಸುತ್ತಾನೆ. ಸಂಬಳವಿಲ್ಲ. ಆರು ವರ್ಷದಿಂದ ಯಾರೂ ಅವನಿಗೆ ಒಂದು ಲೋಟ ಕಾಫಿ ಕೊಟ್ಟ ದಾಖಲೆಯೂ ಇಲ್ಲ.

ಈಗ ಅವನು ಪಾರ್ಕಿನ ಕೋಣೆಯ ಹೊರಗೆ, ಮುರಿದ ಬಿದಿರಿನ ಕೋಲಿಗೆ ಹಗ್ಗ ಸುತ್ತುತ್ತ ಕೂತಿದ್ದ. ಒಳಗಿನ ಮಾತು ಅವನಿಗೆ ಕೇಳುತ್ತಿತ್ತು. ಕೇಳಲಿ ಎಂದೇ ಸೇತುರಾಮ ಗಟ್ಟಿಯಾಗಿ ಓದಿದ್ದರು.

"'ಸಹಾಯಕ ಬಸವಂತ ಅವರ ಗಂಭೀರ ನಿರ್ಲಕ್ಷ್ಯದಿಂದ ಬಾಲಕಿ ಕಾಣೆಯಾದ ಕಾರಣ, ಅವರನ್ನು ಇಂದಿನಿಂದ ತೆಗೆದುಹಾಕಲಾಗಿದೆ. ಮುಂದಿನ ಕ್ರಮಕ್ಕಾಗಿ ಪೊಲೀಸ್ ಠಾಣೆಗೆ ಮಾಹಿತಿ ನೀಡಲಾಗುವುದು.' ಸಿಂಪಲ್ ಆಗಿದೆ. ಯಾರಿಗೂ ಬೈದಿಲ್ಲ."

ಬಾಲಕಿ, ನಿರ್ಲಕ್ಷ್ಯ, ಪೊಲೀಸ್. ಈ ಮೂರು ಪದ ಒಂದೇ ಕಾಗದದಲ್ಲಿ ಬಸವಂತನ ಹೆಸರಿನ ಪಕ್ಕ ಕೂತರೆ ನಾಳೆಯಿಂದ ಯಾವ ಅಪಾರ್ಟ್‌ಮೆಂಟಿನ ಗೇಟೂ ಅವನಿಗೆ ತೆರೆಯುವುದಿಲ್ಲ. ಬೈಗುಳ ಬೇರೆ ಬೇಕೆ?

ಮೂರು ವಾರದ ಹಿಂದೆ, ತಲಘಟ್ಟಪುರದ ಆಚೆಯ ಕುರುಚಲು ಕಾಡಿಗೆ ತಂಡ ಚಾರಣ ಹೋದ ದಿನ, ಹತ್ತು ವರ್ಷದ ಪ್ರಿಯಾಂಕಾ ಒಂದು ಗಂಟೆಗೂ ಹೆಚ್ಚು ಕಾಲ ಕಾಣೆಯಾಗಿದ್ದಳು. ಮೂರು ಕಿಲೋಮೀಟರ್ ಓಡಿ, ಬಸ್ ಸ್ಟಾಪಿನಲ್ಲಿ ಒಬ್ಬಳೇ ಕೂತಿದ್ದ ಅವಳನ್ನು ಹೆಗಲ ಮೇಲೆ ಹೊತ್ತು ತಂದವನು ಇದೇ ಬಸವಂತ. "ದಾರಿ ತಪ್ತು" ಎಂದಷ್ಟೇ ಹೇಳಿ ಹುಡುಗಿ ಬಾಯಿ ಮುಚ್ಚಿದಳು. ಹುಡುಕಿ ತಂದವನೇ ಅಪರಾಧಿ ಎಂದು ಸಮಿತಿ ಎರಡು ದಿನದಲ್ಲಿ ಪತ್ತೆ ಮಾಡಿತು.

"ಸಾಹೇಬ್ರ, ಒಂದು ಹತ್ತು ನಿಮಿಷ ತಡೀರಿ."

ಮಾತಾಡಿದ್ದು ಪಾರವ್ವ. ಮೂಲೆಯಲ್ಲಿ, ಮಡಚಿಟ್ಟ ಟೆಂಟಿನ ರಾಶಿಯ ಮೇಲೆ ಕೂತಿದ್ದಳು. ಬಾಗಲಕೋಟೆ ಕಡೆಯ ನಿವೃತ್ತ ಹೆಡ್ ಕಾನ್‌ಸ್ಟೇಬಲ್; ಈಗ ಮಗಳ ಜೊತೆ ಬಿಟಿಎಂನಲ್ಲಿ ಬಾಡಿಗೆ ಮನೆ. ಕೆಳಗಿನ ಮನೆಯಲ್ಲಿ ಪ್ರಿಯಾಂಕಾ ಮತ್ತು ಅವಳ ಅವ್ವ. ಅವ್ವನಿಗೆ ಆಸ್ಪತ್ರೆಯ ಹೌಸ್‌ಕೀಪಿಂಗ್ ಕೆಲಸ, ಭಾನುವಾರವೂ ಡ್ಯೂಟಿ. "ಬಸಣ್ಣ ಅಂಥಾವಲ್ಲರಿ ಅಕ್ಕ, ನೀವೊಮ್ಮೆ ನೋಡ್ರಿ" ಎಂದು ಆಕೆ ಕೈ ಮುಗಿದಿದ್ದಕ್ಕೆ ಪಾರವ್ವ ಮೂರು ವಾರದಿಂದ ಇಲ್ಲಿಗೆ ಬರುತ್ತಿದ್ದಳು.

"ಮತ್ತೆ ಏನು ನೋಡೋದಿದೆ ನಿಮಗೆ?" ಸೇತುರಾಮ ಕನ್ನಡಕ ತೆಗೆದರು. ನಿವೃತ್ತ ಮುಖ್ಯ ಎಂಜಿನಿಯರು, ತಂಡದ ಸಮಿತಿಯ ಅಧ್ಯಕ್ಷರು. "ವಿಡಿಯೋ ಇದೆ. ಒಂಬತ್ತು ನಲವತ್ತಕ್ಕೆ ಕಾಡಿನ ಗೇಟಲ್ಲಿ ಎಣಿಕೆ ಆಗಿದೆ. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟೂ ಇದ್ರು. ಆಮೇಲೆ ಸಾಲಿನ ಹಿಂದೆ ಇದ್ದವನು ಅವನೊಬ್ಬನೇ. ಸ್ಕೂಲ್ ಮಕ್ಕಳಿಗೂ ಅರ್ಥ ಆಗುತ್ತೆ."

"ಆ ವಿಡಿಯೋನ ಇನ್ನೊಮ್ಮೆ ಕೊಡ್ರಿ."

ಬಾಗಿಲ ಬಳಿ ನಿಂತಿದ್ದ ಶುಭಾ ನಿಟ್ಟುಸಿರು ಬಿಟ್ಟಳು. ಪೋಷಕರ ಗ್ರೂಪಿನ ಅಡ್ಮಿನ್. ವಿಡಿಯೋ ತೆಗೆದವಳೂ ಅವಳೇ. ಅವಳ ಮಗಳು ಇಂಚರ ತಂಡದ ಒಂದು ಪೆಟ್ರೋಲಿಗೆ, ಅಂದರೆ ಏಳು ಮಕ್ಕಳ ಗುಂಪಿಗೆ, ನಾಯಕಿ.

"ಆಂಟಿ, ಹತ್ತು ಸಲ ನೋಡಿದ್ದೀರಾ. ಅದೇನು ಸೀರಿಯಲ್ಲಾ?"

"ಸೀರಿಯಲ್ ಆಗಿದ್ರ ಇಷ್ಟೊತ್ತಿಗೆ ಯಾರರ ಅಳತಿದ್ರವ್ವಾ. ಕೊಡು."

ಪಾರವ್ವ ಈ ಸಲ ನೋಡಲಿಲ್ಲ. ಕಣ್ಣು ಮುಚ್ಚಿ ಫೋನನ್ನು ಕಿವಿಗೆ ಹಿಡಿದಳು.

ಒಂದು, ಎರಡು, ಮೂರು. ಈ ತಂಡದಲ್ಲಿ ಪ್ರತಿ ಮಗುವಿಗೂ ಒಂದು ಖಾಯಂ ಸಂಖ್ಯೆ. ಸಾಲಾಗಿ ನಿಂತು ತಮ್ಮ ತಮ್ಮ ಸಂಖ್ಯೆ ಕೂಗಬೇಕು. ಮಧ್ಯೆ ಒಂದು ಸಂಖ್ಯೆ ಬೀಳದಿದ್ದರೆ ಮತ್ತೆ ಒಂದರಿಂದ ಶುರು. ಪ್ರಿಯಾಂಕಾಳದು ಹದಿನೇಳು.

ಪಾರವ್ವ ಮತ್ತೊಮ್ಮೆ ಕೇಳಿದಳು. ಮತ್ತೊಮ್ಮೆ. ವಿಡಿಯೋದಲ್ಲಿ ಮುಖ ಕಾಣುವುದು ಮೊದಲ ಒಂಬತ್ತು ಮಕ್ಕಳದು ಮಾತ್ರ. ಆಮೇಲೆ ಕ್ಯಾಮೆರಾ ಬ್ಯಾನರಿನ ಕಡೆ, ಅದರ ಮೇಲಿನ ಸೇತುರಾಮರ ಹೆಸರಿನ ಕಡೆ ತಿರುಗುತ್ತದೆ. ಉಳಿದದ್ದು ಬರೀ ದನಿ. ಪ್ರತಿ ದನಿಗೂ ಮುಂದಿನ ದನಿಗೂ ನಡುವೆ ಒಂದು ಉಸಿರಿನ ಬಿಡುವು. ಹದಿನಾರಕ್ಕೂ ಹದಿನೇಳಕ್ಕೂ ನಡುವೆ ಮಾತ್ರ ಅದು ಇರಲಿಲ್ಲ.

ಆಕೆ ಕಣ್ಣು ತೆರೆದಳು.

"ಸಾಹೇಬ್ರ, ಈಗ ಹೊರಗ ಹೋಗಿ ಮಕ್ಕಳನ್ನ ಸಾಲಾಗಿ ನಿಂದರಿಸಿ ನೀವ ಒಮ್ಮೆ ಎಣಿಸ್ರಿ."

"ನಾನಾ?"

"ಅಧ್ಯಕ್ಷರು ನೀವಲ್ಲೇನು? ನನ್ನ ಮಾತಿಗೆ ಮಕ್ಕಳು ನಿಲ್ಲೂದಿಲ್ರಿ."

ಅಧ್ಯಕ್ಷ ಎಂಬ ಪದ ಕೆಲಸ ಮಾಡಿತು. ಸೇತುರಾಮ ಅಂಗಿ ಸರಿಮಾಡಿಕೊಂಡು ಹೊರಗೆ ಹೋದರು, ಹಿಂದೆ ಶುಭಾ. ಹನ್ನೊಂದು ವರ್ಷ ಈ ತಂಡ ನಡೆಸಿದ ಕ್ಯಾಪ್ಟನ್ ಸತ್ಯಭಾಮಾ ಕೂತಲ್ಲೇ ಕೂತಿದ್ದಳು. ಪೋಸ್ಟಾಫೀಸಿನ ಕೌಂಟರಿನಲ್ಲಿ ಆರು ದಿನ, ಇಲ್ಲಿ ಏಳನೆಯ ದಿನ. ಜನವರಿಯಲ್ಲಿ ಆಕೆ ಪೋಷಕರ ಸಭೆ ಕರೆದು, "ಚಾರಣಕ್ಕೆ ಇನ್ನಿಬ್ಬರು ದೊಡ್ಡವರು ಬೇಕು, ಯಾರು ಬರ್ತೀರಾ?" ಎಂದು ಕೇಳಿದ್ದಳು. ಐವತ್ತು ಜನರ ಸಭೆಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಬಸವಂತನನ್ನು ತೆಗೆಯಬೇಕೇ ಎಂದು ಗ್ರೂಪಿನಲ್ಲಿ ಕೇಳಿದಾಗ ನಲವತ್ತೊಂದು ಹೆಬ್ಬೆರಳು ಎದ್ದವು.

ಹೊರಗೆ ಸೇತುರಾಮರ ದನಿ. "ಸ್ಟಾರ್ಟ್!"

"ಒಂದು!" "ಎರಡು!" "ಮೂರು!"

ಪಾರವ್ವ ಕಿಟಕಿಗೆ ಬೆನ್ನು ಹಾಕಿ ಕೇಳಿಸಿಕೊಂಡಳು. ಹದಿನಾರು ಬಂತು. ಹದಿನೇಳು ಬಂತು. ಇಪ್ಪತ್ತೆಂಟೂ ಬಂತು.

"ಪೂರ್ತಿ!" ಸೇತುರಾಮ ಕಿಟಕಿಯತ್ತ ಕೂಗಿದರು. "ಸಮಾಧಾನ ಆಯ್ತಾ?"

ಪಾರವ್ವ ಬಾಗಿಲಿಗೆ ಬಂದಳು. ಅವಳ ಕೈ ಹಿಡಿದು, ಟೆಂಟಿನ ರಾಶಿಯ ಹಿಂದೆ ಇಷ್ಟು ಹೊತ್ತೂ ಹಗ್ಗ ಸುತ್ತಿಡುತ್ತಿದ್ದ ಪ್ರಿಯಾಂಕಾ ಬಂದಳು. ಹುಡುಗಿ ಬೆಳಗಿನಿಂದ ಆ ಕೋಣೆಯಲ್ಲೇ ಇದ್ದಳು. ಅಧ್ಯಕ್ಷರ ಕಣ್ಣಿಗೆ ಬಿದ್ದಿರಲಿಲ್ಲ. ಇಂಥ ಮಕ್ಕಳು ಅವರ ಕಣ್ಣಿಗೆ ಬೀಳುವುದು ಫೋಟೊ ತೆಗೆಸುವ ದಿನ ಮಾತ್ರ.

"ಇಪ್ಪತ್ತೆಂಟು ಅಂದ್ರಲ್ರಿ ಸಾಹೇಬ್ರ. ಹಂಗಾರ ಈಕಿ ಇಪ್ಪತ್ತೊಂಬತ್ತನೇದಾಕಿ ಏನ್ರಿ?"

ಮೊದಲು ಸಾಲಿನಲ್ಲಿ ಕಿಸಕ್ಕೆಂದು ನಗು. ಆಮೇಲೆ ಯಾರೂ ನಗಲಿಲ್ಲ.

"ಅದು ಕವರ್, ಅಜ್ಜಿ," ಸಾಲಿನ ಕೊನೆಯಿಂದ ಅರ್ಪಿತ ಎಂಬ ಪುಟ್ಟ ಹುಡುಗಿ ತಿಳಿಹೇಳಿದಳು. ಈ ದೊಡ್ಡವರಿಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ. "ಯಾರಾದ್ರೂ ಟಾಯ್ಲೆಟ್‌ಗೆ ಹೋಗಿದ್ರೆ ಪಕ್ಕದವ್ರು ಎರಡು ನಂಬರ್ ಕೂಗ್ತಾರೆ. ಇಲ್ಲಾಂದ್ರೆ ಮತ್ತೆ ಫಸ್ಟಿಂದ. ಬಿಸಿಲಲ್ಲಿ ಯಾರು ನಿಂತ್ಕೋತಾರೆ?"

"ಎಷ್ಟು ದಿನದಿಂದ ಮಾಡ್ತೀರವ್ವಾ?"

"ನಾನು ಸೇರೋಕೆ ಮುಂಚೆಯಿಂದಾನೂ."

ಬಸವಂತ ಬಿದಿರಿನ ಕೋಲನ್ನು ನೆಲಕ್ಕಿಟ್ಟು ಎದ್ದು ನಿಂತ. ಎಣಿಕೆ ಎಂಬ ಶಿಸ್ತನ್ನು ಇವರೆಲ್ಲ ನಂಬಿದ್ದರು. ಮಕ್ಕಳು ಒಬ್ಬರನ್ನೊಬ್ಬರು ಬಿಟ್ಟುಕೊಡದಿರುವುದನ್ನೂ ಇವರೇ ಕಲಿಸಿದ್ದರು. ಎರಡೂ ಒಂದೇ ಸಾಲಿನಲ್ಲಿ ನಿಂತರೆ ಏನಾಗುತ್ತದೆಂದು ಯಾರೂ ಯೋಚಿಸಿರಲಿಲ್ಲ.

"ಅಂದ್ರ," ಪಾರವ್ವ ಹೇಳಿದಳು, "ಒಂಬತ್ತು ನಲವತ್ತರ ಎಣಿಕಿ ಸುಳ್ಳು. ಈ ಕೂಸು ಕಾಡಿನೊಳಗ ಕಳೀಲಿಲ್ಲ. ಗೇಟಿಗೇ ಬಂದಿಲ್ಲ. ಬಸವಂತ ಮುಂಜಾನೆ ಆರಕ್ಕ ಹೋಗಿ ಕಾಡಿನ ದಾರಿಗೆ ಕಲ್ಲಿನ ಗುರುತು ಇಡ್ತಿದ್ದ. ಎಣಿಕಿ ಮುಗಿದ ಮ್ಯಾಲೆ ಬಂದು ಸಾಲಿನ ಹಿಂದ ನಿಂತ. ಇಪ್ಪತ್ತೆಂಟು ಅಂತ ಒಪ್ಪಿಸಿದ್ರಿ, ಇಪ್ಪತ್ತೆಂಟು ಅಂತ ನಂಬಿದ."

"ಇದೆಲ್ಲ ನಿಮ್ಮ ಊಹೆ," ಸೇತುರಾಮ ಹೇಳಿದರು. "ಇವತ್ತು ಕವರ್ ಮಾಡಿದ್ರೆ ಅವತ್ತೂ ಮಾಡಿದ್ರು ಅಂತ ಏನು ಗ್ಯಾರಂಟಿ?"

"ಹದಿನಾರನೇ ನಂಬರ್ ಯಾರದವ್ವಾ?"

ಸಾಲಿನಿಂದ ಇಂಚರ ಒಂದು ಹೆಜ್ಜೆ ಮುಂದೆ ಬಂದಳು. ಹದಿಮೂರು ವರ್ಷ. ಸ್ಕಾರ್ಫಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಎಕ್ಸ್‌ಕ್ಯೂಸ್ ಮಿ!" ಶುಭಾ ನಡುವೆ ಬಂದಳು. "ನನ್ನ ಮಗಳನ್ನ ಇಂಟರಾಗೇಟ್ ಮಾಡ್ತೀರಾ? ಎಲ್ಲರ ಮುಂದೆ? ಅವಳು ಮೈನರ್."

"ಈಕಿನೂ ಮೈನರ್ ಅದಾಳವ್ವಾ," ಪಾರವ್ವ ಪ್ರಿಯಾಂಕಾಳ ತಲೆಯ ಮೇಲೆ ಕೈಯಿಟ್ಟಳು. "ಮೂರು ವಾರ ನಿಮ್ಮ ಗ್ರೂಪಿನ್ಯಾಗ ಈಕಿ ಬಗ್ಗೆ, ಈಕಿ ಅವ್ವನ ಬಗ್ಗೆ ಏನೇನು ಬರದ್ರಿ, ಯಾರರ ಕೇಳಿದ್ರೇನು? ನಾ ಒಂದು ಮಾತು ಕೇಳ್ತೀನಿ ಅಷ್ಟ. ಇಂಚರ, ಅವತ್ತು ಹದಿನೇಳು ಕೂಗಿದಾಕಿ ನೀನಾ?"

"ಹೂಂ."

"ಇಂಚರ!"

"ಅಮ್ಮ, ನಾನೇ ಕೂಗಿದ್ದು. ಆದ್ರೆ ಅದು ಕವರ್ ಅಲ್ಲ." ಹುಡುಗಿ ಸ್ಕಾರ್ಫಿನ ತುದಿ ಬಿಟ್ಟಳು. "ಪ್ರಿಯಾಂಕಾ ಇಲ್ಲ ಅಂತ ಹೇಳೋಕೆ ಹೋದೆ. 'ಪರವಾಗಿಲ್ಲ, ಅವಳ ನಂಬರೂ ನೀನೇ ಕೂಗ್ಬಿಡು' ಅಂದ್ರು."

"ಯಾರಂದ್ರು?"

ಇಂಚರ ತಿರುಗಿ ಕೋಣೆಯ ಬಾಗಿಲನ್ನು ನೋಡಿದಳು. ಅಲ್ಲಿ ಸತ್ಯಭಾಮಾ ನಿಂತಿದ್ದಳು.

"ಕ್ಯಾಪ್ಟನ್ ಮೇಡಂ."

ಪಾರವ್ವನ ಮುಖದಲ್ಲಿ ಮೊದಲ ಬಾರಿಗೆ ಲೆಕ್ಕ ತಪ್ಪಿದವಳ ಗಲಿಬಿಲಿ ಕಾಣಿಸಿತು. ಈ ಒಬ್ಬಳನ್ನು ಆಕೆ ಅನುಮಾನಿಸಿರಲಿಲ್ಲ.

ಬಸವಂತ ಎರಡು ಹೆಜ್ಜೆ ಮುಂದೆ ಬಂದ. "ಮೇಡಂ, ಈಕಿ ಇಲ್ಲಂತ ನಿಮಗ ಗೊತ್ತಿತ್ತೇನ್ರಿ? ಗೊತ್ತಿದ್ದೂ ನನ್ನ ಕೈಯಾಗ ಇಪ್ಪತ್ತೆಂಟು ಅಂತ ಕೊಟ್ರ್ಯಾ?"

"ಗೊತ್ತಿತ್ತು," ಎಂದಳು ಸತ್ಯಭಾಮಾ. ಮೆಟ್ಟಿಲಿಳಿದು ಬಂದಳು. ಆಕೆಯ ಕೈಯಲ್ಲಿ ಆ ಕಾಗದವಿತ್ತು.

"ಅವತ್ತು ಬನಶಂಕರಿ ಬಸ್ ಸ್ಟ್ಯಾಂಡಿಗೆ ಪ್ರಿಯಾಂಕಾ ತಡವಾಗಿ ಬಂದ್ಲು. ನಮ್ಮ ಬಸ್ಸು ಹೊರಟಿತ್ತು, ಓಡಿ ಬರ್ತಿದ್ದದ್ದು ಕಿಟಕಿಯಿಂದ ಕಾಣ್ತು. ಹಿಂದೆ ಕಾರಲ್ಲಿ ಬರ್ತಿದ್ದವರಿಗೆ ಫೋನ್ ಮಾಡಿ, ಮಗೂನ ಹತ್ತಿಸ್ಕೊಂಡು ಬನ್ನಿ ಅಂದೆ. ಹೂಂ ಅಂದ್ರು. ಒಂಬತ್ತು ಇಪ್ಪತ್ತೈದಕ್ಕೆ ಅವರ ನಂಬರಿಂದ ಮೆಸೇಜ್ ಬಂತು. 'ಹುಡುಗಿ ಕಾರಲ್ಲಿ ಮಲಗಿದ್ದಾಳೆ. ಎದ್ದ ಮೇಲೆ ಕಳಿಸ್ತೀನಿ. ಎಣಿಕೆ ಮುಗಿಸಿ ಹೊರಡಿ, ವಿಡಿಯೋ ಮೇಲಿನವರಿಗೆ ಕಳಿಸಬೇಕು.' ನಾನೂ ಹೊರಟೆ. ಒಂಬತ್ತಕ್ಕೆ ಹತ್ತಬೇಕಾದ ಗುಡ್ಡ, ಆಗಲೇ ಬಿಸಿಲೇರಿತ್ತು. ಇಬ್ಬರು ಮಕ್ಕಳಿಗೆ ಶೂ ಕಚ್ತಿತ್ತು, ಒಬ್ಬನ ಅಮ್ಮ ಮೂರನೇ ಸಲ ಫೋನ್ ಮಾಡಿ ಸನ್‌ಸ್ಕ್ರೀನ್ ಹಚ್ಚಿದ್ರಾ ಅಂತ ಕೇಳ್ತಿದ್ಲು. ಅಧ್ಯಕ್ಷರೇ ಹೇಳಿದ್ದಾರಲ್ಲ ಅಂತ ಸುಮ್ಮನಾದೆ."

ಎಲ್ಲರೂ ಸೇತುರಾಮರ ಕಡೆ ತಿರುಗಿದರು.

"ಹತ್ತೂವರೆಯಾದ್ರೂ ಮಗು ಬರಲಿಲ್ಲ. ಫೋನ್ ಮಾಡಿದ್ರೆ ಸ್ವಿಚ್ ಆಫ್. ಆಗ ಬಸವಂತನಿಗೆ ಒಂದು ಮಗು ಇಲ್ಲ ಅಂದೆ. ಎಲ್ಲಿ ಬಿಟ್ಟುಹೋಯ್ತು ಅಂತ ಮಾತ್ರ ಹೇಳಲಿಲ್ಲ."

"ಮೆಸೇಜ್ ತೋರಿಸಿ," ಸೇತುರಾಮ ಹೇಳಿದರು.

"ಅವತ್ತು ಸಂಜೇನೇ ಅಳಿಸಿದ್ರಲ್ಲ ಸಾರ್. ನನ್ನ ಫೋನಲ್ಲಿ ಈಗ ಬರೀ 'ಡಿಲೀಟ್ ಆಗಿದೆ' ಅಂತಿದೆ."

"ಹಾಗಾದ್ರೆ ಪ್ರೂಫ್ ಇಲ್ಲ."

"ಇಲ್ಲ. ಅದಕ್ಕೇ ಸುಮ್ಮನಿದ್ದೆ. ಅದೊಂದಕ್ಕೇ ಅಲ್ಲ." ಸತ್ಯಭಾಮಾ ಈಗ ಮಾತಾಡುತ್ತಿದ್ದುದು ಬಸವಂತನ ಜೊತೆ ಮಾತ್ರ. "ಪಾರ್ಕಿನ ಪರ್ಮಿಶನ್ ಈ ತಿಂಗಳಿಗೆ ಮುಗಿಯುತ್ತೆ. ಇವರ ಸಹಿ ಇಲ್ಲದೆ ಮುಂದುವರಿಯಲ್ಲ. 'ಒಬ್ಬನ ಹೆಸರು ಹೇಳಿ ಮುಗಿಸಿ, ತಂಡ ಉಳಿಯುತ್ತೆ' ಅಂದ್ರು. ಆ ಕಡೆ ಇಪ್ಪತ್ತೆಂಟು ಮಕ್ಕಳು, ಈ ಕಡೆ ನೀನೊಬ್ಬ. ಹಾಗೆ ತೂಗಿದೆ ಬಸವಂತ. ಮೂರು ವಾರದಿಂದ ದಿನಾ ತೂಗ್ತಿದ್ದೀನಿ."

ಬಸವಂತ ಕೈಗಂಟಿದ ಹಗ್ಗದ ನಾರನ್ನು ಪ್ಯಾಂಟಿಗೆ ಒರೆಸಿಕೊಂಡ. ಕ್ಷಮಿಸಿದೆ ಎನ್ನುವ ದೊಡ್ಡತನವನ್ನೂ ಇವನಿಂದಲೇ ನಿರೀಕ್ಷಿಸುವವರು ಇದ್ದಾರೆ. ಅವನು ಅದನ್ನು ಕೊಡಲಿಲ್ಲ.

"ಮನಿಗೆ ಬಂದು ಒಂದು ಮಾತು ಕೇಳಬೇಕಿತ್ರಿ ಮೇಡಂ," ಎಂದ. "ಪಾರ್ಕ್ ಇರಲಿಲ್ಲಂದ್ರ ನಮ್ಮ ಬಿಲ್ಡಿಂಗ್ ಟೆರೇಸ್ ಮ್ಯಾಲೆ ಕಲಿಸ್ತಿದ್ದೆ."

ಸತ್ಯಭಾಮಾ ಕಾಗದವನ್ನು ಮೆಟ್ಟಿಲ ಪಕ್ಕದ ಕಂಬಿಗೆ ಒತ್ತಿಟ್ಟು, ಬಸವಂತನ ಹೆಸರಿನ ಮೇಲೆ ಎರಡು ಗೆರೆ ಎಳೆದಳು. ಮೇಲೆ ತನ್ನ ಹೆಸರು ಬರೆದಳು. ಸಹಿ ಹಾಕಿ ಸೇತುರಾಮರಿಗೆ ಕೊಟ್ಟಳು.

"ತಗೊಳ್ಳಿ ಸಾರ್. ನಿರ್ಲಕ್ಷ್ಯ ಮಾಡಿದ್ದು ನಾನು. ಪೊಲೀಸರಿಗೆ ಕೊಡಿ. ಅವರು ಕೇಳ್ತಾರೆ, ಮಗು ಕೊನೆಗೆ ಹತ್ತಿದ್ದು ಯಾರ ಕಾರು ಅಂತ. ಹೇಳ್ತೀನಿ."

"ಇದು ಬ್ಲಾಕ್‌ಮೇಲ್!" ಸೇತುರಾಮರ ಮುಖ ಕೆಂಪಾಯಿತು. "ಆ ಹುಡುಗಿ ನನ್ನ ಕಾರು ಹತ್ತಲೇ ಇಲ್ಲ. ನಾನು ಬಸ್ ಸ್ಟ್ಯಾಂಡ್ ಹತ್ರ ನೋಡಿದೆ, ಇರಲಿಲ್ಲ, ಹೊರಟೆ. ಕೇಳಿ ಬೇಕಾದ್ರೆ ಅವಳನ್ನೇ."

ಆ ಮಾತು ಆಡಬಾರದಿತ್ತು.

ಪಾರವ್ವ ಮಂಡಿಯೂರಿ ಪ್ರಿಯಾಂಕಾಳ ಎತ್ತರಕ್ಕೆ ಬಂದಳು. "ಹೇಳವ್ವಾ. ನೀ ಹೇಳಿದ್ರ ಅವ್ವನ ಕೆಲಸ ಹೋಗೂದಿಲ್ಲ, ನಿನ್ನ ತಂಡದಿಂದ ತಗಿಯೂದಿಲ್ಲ. ನಾ ಅದೀನಿ."

ಪ್ರಿಯಾಂಕಾ ಬಸವಂತನನ್ನು ನೋಡಿದಳು. ಕಾಗದದಲ್ಲಿ ಅವನ ಹೆಸರಿನ ಮೇಲೆ ಗೆರೆ ಬಿದ್ದಾಗಿನಿಂದಲೂ ಅವಳ ಕಣ್ಣು ಅವನ ಮೇಲೇ ಇತ್ತು.

"ಅಜ್ಜಾರ ಕಾರಿನ್ಯಾಗ ವಾಂತಿ ಆತು," ಎಂದಳು. "ಮುಂಜಾನೆ ಏನೂ ತಿಂದಿದ್ದಿಲ್ಲ. ಎಸಿ ಹಾಕಿದ್ರು. ಸೀಟಿನ ಮ್ಯಾಲೆ ಆತು. ಇಳಿಸಿದ್ರು. ಈ ಬಸ್ ಸ್ಟಾಪಿನ್ಯಾಗ ಕುಂದ್ರು, ಬಸಣ್ಣ ಬಂದು ಕರ್ಕೊಂಡು ಹೋಗ್ತಾನ ಅಂದ್ರು. ಯಾರಿಗರ ಹೇಳಿದ್ರ ಬಸಣ್ಣನ್ನ ಪೊಲೀಸ್ರು ಒಯ್ತಾರ ಅಂದ್ರು."

ಕಾರಿನ ಸೀಟು. ಇಷ್ಟು ದೊಡ್ಡ ಸುಳ್ಳಿನ ಬುಡದಲ್ಲಿದ್ದದ್ದು ಒಂದು ಸೀಟು. ಖಾಲಿ ಹೊಟ್ಟೆಯ ಮಗುವೊಂದು ಅದರ ಮೇಲೆ ವಾಂತಿ ಮಾಡಿತ್ತು. ಒರೆಸಲು ಒಂದು ಬಟ್ಟೆ ಸಾಕಿತ್ತು. ಬದಲಿಗೆ ಮೂರು ವಾರ, ಒಂದು ಸಮಿತಿ, ನಲವತ್ತೊಂದು ಹೆಬ್ಬೆರಳು.

"ಅಜ್ಜಾರ ಹಂಗ ಅಂದು ಇಳಿಸಿದ್ರೇನವ್ವಾ?" ಪಾರವ್ವ ಕೇಳಿದಳು.

"ಇಲ್ಲ," ಪ್ರಿಯಾಂಕಾ ತಲೆಯಾಡಿಸಿದಳು. "ಅಜ್ಜಾರ ಕಾರ್ ನಡಸ್ತಿದ್ರು. ಸುಮ್ಮನ ಇದ್ರು. ಅಂದಾವ್ರು ಬಾಜೂಕ ಕುಂತಿದ್ರು. ಅಜ್ಜಾರ ಫೋನೂ ಅವರ ಕೈಯಾಗ ಇತ್ತು."

"ತಪ್ಪು ನಂದೇ!"

ಸೇತುರಾಮ ಕೂಗಿದ ರಭಸಕ್ಕೆ ಸಾಲಿನ ಮಕ್ಕಳು ಬೆಚ್ಚಿದರು.

"ನಂದೇ. ಪೂರ್ತಿ ನಂದೇ. ಕಾರಲ್ಲಿ ಬೇರೆ ಯಾರೂ ಇರಲಿಲ್ಲ, ಮಗು ಹೆದರಿ ಏನೋ ಹೇಳ್ತಿದೆ. ನಾನೇ ಇಳಿಸಿದೆ, ನಾನೇ ಮೆಸೇಜ್ ಮಾಡಿದೆ. ಬಸವಂತನ ಹೆಸರು ಬಿಡಿ, ನಿಮ್ಮ ಹೆಸರೂ ಬೇಡ ಮೇಡಂ. ಪರ್ಮಿಶನ್ನಿಗೆ ಈಗಲೇ ಸಹಿ ಹಾಕ್ತೀನಿ. ರಾಜೀನಾಮೆ ಕೊಡ್ತೀನಿ. ಇಲ್ಲಿಗೆ ನಿಲ್ಲಿಸಿ. ದಯವಿಟ್ಟು."

ಪಾರವ್ವ ನಿಧಾನವಾಗಿ ಎದ್ದಳು. ಎರಡು ನಿಮಿಷದ ಹಿಂದೆ ಪ್ರೂಫ್ ಕೇಳುತ್ತಿದ್ದ ಮನುಷ್ಯ ಈಗ ಯಾರೂ ಹೊರಿಸದ ತಪ್ಪನ್ನೂ ಹೊತ್ತುಕೊಳ್ಳುತ್ತಿದ್ದ. ಮೂವತ್ತು ವರ್ಷ ಠಾಣೆಯಲ್ಲಿ ಕೂತವಳಿಗೆ ಈ ಅವಸರ ಗೊತ್ತಿತ್ತು. ಹೀಗೆ ಒಪ್ಪಿಕೊಳ್ಳುವವರು ತಮ್ಮನ್ನು ಉಳಿಸಿಕೊಳ್ಳುತ್ತಿರುವುದಿಲ್ಲ.

"ಇನ್ನ ಈ ಕೂಸಿನ್ನ ಕೇಳೂದಿಲ್ಲ, ನೀವ ಹೇಳ್ರಿ. ಬಾಜೂಕ ಕುಂತಿದ್ದವರು ಯಾರ್ರಿ ಸಾಹೇಬ್ರ?"

ಸೇತುರಾಮ ಕೈಯಲ್ಲಿದ್ದ ಕಾಗದವನ್ನು ಮಡಚತೊಡಗಿದರು. ಯಾರನ್ನೂ ನೋಡದಿರಲು ಅವರು ಪಡುತ್ತಿದ್ದ ಕಷ್ಟ ಎಲ್ಲರಿಗೂ ಕಾಣುತ್ತಿತ್ತು.

"ನಡಿ ಇಂಚರ," ಶುಭಾ ಮಗಳ ಮೊಣಕೈ ಹಿಡಿದಳು. "ಸಾರ್ ಒಪ್ಕೊಂಡ್ರಲ್ಲ, ಮುಗೀತು. ಈ ಜಾಗದಲ್ಲಿ ಒಂದು ನಿಮಿಷ ಇರೋದು ಬೇಡ."

ಇಂಚರ ಕದಲಲಿಲ್ಲ. ಅವಳು ತಾಯಿಯ ಕೈಯಲ್ಲಿದ್ದ ಫೋನನ್ನು ನೋಡಿದಳು. ಆಮೇಲೆ ತಾಯಿಯ ಮುಖವನ್ನು ನೋಡಿದಳು.

"ಅಮ್ಮಾ," ಎಂದಳು, "ನಮ್ಮ ಕಾರು ಆ ವಾರ ಪೂರ್ತಿ ಸರ್ವಿಸ್‌ನಲ್ಲಿತ್ತು. ನಾನು ತಂಡದ ಜೊತೆ ಬಸ್ಸಲ್ಲಿ ಬಂದೆ. ಅವತ್ತು ನೀನು ಕಾಡಿನ ಗೇಟಿಗೆ ಹೇಗೆ ಬಂದೆ?"